ವಾರಕ್ಕೊಂದು ರೇಕ್

ನಂದಿಕೂರಿನಲ್ಲಿ ಕಲ್ಲಿದ್ದಲಿನ ಗೂಡ್ಸ್ ರೈಲು ಬರುವುದು ಕಣ್ಣಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ. ಜಗಲಿಯ ನೆಲ ಸಣ್ಣಗೆ ನಡುಗಿತೆಂದರೆ ಪಣಂಬೂರಿನ ಬಂದರಿನಿಂದ ಹೊರಟ ರೇಕ್ ಹತ್ತಿರ ಬಂತು ಎಂದರ್ಥ. ಪಕ್ಕದ ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದಲ್ಲಿ 600 ಮೆಗಾವಾಟ್‌ನ ಎರಡು ಘಟಕಗಳಿವೆ. ಅವುಗಳ ಹಸಿವಿಗೆ ಈ ರೈಲು. ಒಂದು ವ್ಯಾಗನ್ನಿಗೆ ಹೆಚ್ಚುಕಡಿಮೆ 60 ಟನ್, ಅಂಥವು 58 ಜೋಡಿಸಿದರೆ ಒಂದು ರೇಕ್. ಅಂದರೆ ಸುಮಾರು 3,500 ಟನ್. ರಜೆಗೆ ಬಂದ ಮಕ್ಕಳು ವ್ಯಾಗನ್ ಎಣಿಸುತ್ತಾರೆ. ನಮ್ಮ ದೊಡ್ಡಮ್ಮನೂ ಎಣಿಸುತ್ತಾರೆ, ಅವರಿಗೆ ಈಗ 68.

ಕಳೆದ ಸಲ ಹೋದಾಗ ರೈಲು ನೋಡಲು ಅವರು ಏಳಲಿಲ್ಲ. ಜಗಲಿಯ ಕಂಬ ಹಿಡಿದು ಎರಡು ಸಲ ಪ್ರಯತ್ನಿಸಿ ಕೂತುಬಿಟ್ಟರು. "ಗಂಟಿನ ಗ್ರೀಸು ಮುಗಿದಿದೆ ಅಂತೆ ಮಗಾ. ಒಬ್ಬರು ಆಪರೇಶನ್ ಮಾಡಿಸು ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ. ನಡೀಬೇಡಿ ಅಂತ ಒಬ್ಬರು, ನಡೀಲೇಬೇಕು ಅಂತ ಇನ್ನೊಬ್ಬರು. ನಾನು ಯಾರದ್ದು ಕೇಳುವುದು?" ಆಮೇಲೆ ಒಂದು ಪ್ರಶ್ನೆ ಕೇಳಿದರು: "ಇಷ್ಟು ಬೇಗ ಯಾಕೆ ಸವೆಯಿತು?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಕೂತವನು ನಾನು. ವೈದ್ಯನಲ್ಲ, ಲೆಕ್ಕದ ಹುಚ್ಚಿನವನು. ಲೆಕ್ಕ ಮುಗಿಯುವ ಹೊತ್ತಿಗೆ ಪ್ರಶ್ನೆಯೇ ತಲೆಕೆಳಗಾಗಿತ್ತು.

ಮೊದಲು ಹೆಜ್ಜೆ. ದೊಡ್ಡಮ್ಮನಂಥವರು ಅಂಗಳ, ಬಾವಿಕಟ್ಟೆ, ಹಟ್ಟಿ, ಅಂಗಡಿ ಅಂತ ದಿನಕ್ಕೆ 6,400 ಹೆಜ್ಜೆ ಹಾಕುತ್ತಾರೆ ಎಂದು ಇಟ್ಟುಕೊಂಡೆ. ಆ ಸಂಖ್ಯೆಯನ್ನೇ ಹಿಡಿದದ್ದಕ್ಕೆ ಕಾರಣ ಉಂಟು. ಒಂದು ಕಾಲಿನ ಪಾಲು 3,200. ಕಾಪು ಕಡೆಯವರಿಗೆ ಇದು ಗೊತ್ತಿರುವ ಸಂಖ್ಯೆ: ಶಂಕರಪುರದ ಮಲ್ಲಿಗೆಯ ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ 3,200 ಹೂ. ಒಂದು ಕಾಲು ದಿನಕ್ಕೆ ಒಂದು ಅಟ್ಟೆ ಹೆಜ್ಜೆ ಇಡುತ್ತದೆ. ಒಂದೊಂದು ಮೊಗ್ಗನ್ನೂ ಬೆರಳಲ್ಲಿ ಹಿಡಿದು ಬಾಳೆನಾರಿನಲ್ಲಿ ಕಟ್ಟಿ ಅಟ್ಟೆ ಮುಗಿಸಿದವರಿಗೆ ಆ ಸಂಖ್ಯೆ ಎಷ್ಟು ದೊಡ್ಡದೆಂದು ಹೇಳಿಕೊಡಬೇಕಾಗಿಲ್ಲ.

ಇನ್ನು ಭಾರ. ದೊಡ್ಡಮ್ಮನ ತೂಕ 60 ಕಿಲೋ. ಹೆಜ್ಜೆ ಇಟ್ಟಾಗ ಮಂಡಿಯ ಮೇಲೆ 60 ಕಿಲೋ ಬೀಳುತ್ತದೆ ಎಂದು ನಾನು ಎಣಿಸಿದ್ದೆ. ಅದು ತಪ್ಪು. ಬರ್ಲಿನ್ನಿನ ಸಂಶೋಧಕರು ಮಂಡಿ ಬದಲಿಸುವಾಗ ಹಾಕುವ ಲೋಹದ ತಟ್ಟೆಯೊಳಗೇ ಭಾರ ಅಳೆಯುವ ಸಾಧನ ಇಟ್ಟು, ತಂತಿಯಿಲ್ಲದೆ ಹೊರಗೆ ಸಂಕೇತ ಬರುವಂತೆ ಮಾಡಿ, ಐವರು ರೋಗಿಗಳನ್ನು ನಡೆಸಿ, ಕೂರಿಸಿ, ಮೆಟ್ಟಿಲು ಹತ್ತಿಸಿ ಇಳಿಸಿ ಅಳೆದರು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಸಮತಟ್ಟು ನೆಲದಲ್ಲಿ ನಡೆಯುವಾಗ ಒಂದು ಮಂಡಿಗೆ ಬೀಳುವ ಗರಿಷ್ಠ ಭಾರ ದೇಹದ ತೂಕದ 2.61 ಪಟ್ಟು. ಮೆಟ್ಟಿಲು ಹತ್ತುವಾಗ 3.16. ಇಳಿಯುವಾಗ 3.46. ಹತ್ತುವುದಕ್ಕಿಂತ ಇಳಿಯುವಾಗಲೇ ನೋವು ಜಾಸ್ತಿ ಎಂದು ಗಂಟುನೋವಿನವರೆಲ್ಲ ಹೇಳುವ ಮಾತಿಗೆ ಯಂತ್ರವೂ ಸಾಕ್ಷಿ ಹೇಳಿತು. ಸುಮ್ಮನೆ ಎರಡು ಕಾಲಲ್ಲಿ ನಿಂತರೂ ಒಂದೊಂದು ಮಂಡಿಗೆ ಅರ್ಧ ತೂಕವಲ್ಲ, 1.07 ಪಟ್ಟಿನವರೆಗೆ ಬೀಳುತ್ತದೆ.

ತೂಕ 60 ಕಿಲೋ ಇರುವಾಗ ಮಿಕ್ಕ ಭಾರ ಎಲ್ಲಿಂದ ಬಂತು? ಸ್ನಾಯುಗಳಿಂದ. ಗದ್ದೆಗೆ ನೀರೆತ್ತುವ ಏತ ನೋಡಿದವರಿಗೆ ಇದು ಸುಲಭ. ಉದ್ದ ತುದಿಯಲ್ಲಿ ತೂಗುವ ಸಣ್ಣ ಭಾರವನ್ನು ಗಿಡ್ಡ ತುದಿಯಲ್ಲಿ ಸರಿತೂಗಿಸಲು ಹಲವು ಪಟ್ಟು ಒತ್ತಬೇಕು. ನಡುವಿನ ಕಂಬಕ್ಕೆ ಎರಡೂ ಕಡೆಯ ಹೊರೆ ಸೇರಿ ಬೀಳುತ್ತದೆ. ನಮ್ಮ ಕೀಲುಗಳು ಆ ನಡುಗಂಬ. ತೊಡೆಯ ಸ್ನಾಯು ನಮ್ಮನ್ನು ಬೀಳದಂತೆ ಹಿಡಿಯಲು ಎಳೆಯುವ ಎಳೆತವೆಲ್ಲ ಮಂಡಿಯ ಲೆಕ್ಕಕ್ಕೇ ಜಮೆ.

ಹಾಗಾಗಿ ಒಂದು ಹೆಜ್ಜೆಗೆ 156 ಕಿಲೋ. ದಿನಕ್ಕೆ 3,200 ಹೆಜ್ಜೆ ಎಂದರೆ 500 ಟನ್. ವಾರಕ್ಕೆ 3,500 ಟನ್.

ಪೆನ್ನು ಕೆಳಗಿಟ್ಟೆ. ಅದು ಒಂದು ರೇಕ್. ದೊಡ್ಡಮ್ಮ ಜಗಲಿಯಲ್ಲಿ ಕೂತು ಎಣಿಸುತ್ತಿದ್ದ ಅದೇ 58 ವ್ಯಾಗನ್‌ಗಳ ಕಲ್ಲಿದ್ದಲು ವಾರಕ್ಕೊಮ್ಮೆ ಅವರ ಒಂದು ಮಂಡಿಯ ಮೇಲಿನಿಂದ ಹಾದುಹೋಗುತ್ತಿದೆ. ಇನ್ನೊಂದು ಮಂಡಿಗೆ ಇನ್ನೊಂದು ರೇಕ್.

ಹೆಜ್ಜೆಯ ಭಾರಗಳನ್ನು ಹೀಗೆ ಕೂಡಿಸುತ್ತ ಹೋಗುವುದು ಸ್ವಲ್ಪ ಶ್ಯಾನುಭೋಗರ ಚಮತ್ಕಾರವೇ ಎಂದು ಒಪ್ಪುತ್ತೇನೆ; 500 ಟನ್ ಒಟ್ಟಿಗೆ ಬಿದ್ದರೆ ಮಂಡಿಯೂ ಇರುವುದಿಲ್ಲ, ಮನುಷ್ಯನೂ ಇರುವುದಿಲ್ಲ. ಆದರೆ ಯಂತ್ರದ ಭಾಗ ಸವೆಯುವುದು ಹೀಗೇ ಅಲ್ಲವೆ? ಸೇತುವೆಗಾದರೂ ಬೇರಿಂಗಿಗಾದರೂ ಒಂದು ಸಲ ಎಷ್ಟು ಭಾರ ಬಿತ್ತು ಎನ್ನುವಷ್ಟೇ ಮುಖ್ಯ, ಎಷ್ಟು ಸಲ ಬಿತ್ತು ಎನ್ನುವುದು. ಐವತ್ತು ವರ್ಷ ಹೀಗೆ ನಡೆದರೆ ಒಂದು ಕಾಲಿಗೆ 5 ಕೋಟಿ 84 ಲಕ್ಷ ಹೆಜ್ಜೆ. ದೂರ ಹೇಳಬೇಕೆಂದರೆ ಸುಮಾರು 76,000 ಕಿಲೋಮೀಟರ್. ಭೂಮಿಗೆ ಎರಡು ಸುತ್ತು ಮುಗಿಯಲು ಸ್ವಲ್ಪವೇ ಬಾಕಿ. ಅದೂ ಬಹುಪಾಲು ಬಾವಿಕಟ್ಟೆಗೂ ಅಡುಗೆಮನೆಗೂ ನಡುವೆ.

ನಂದಿಕೂರಿನಿಂದ ಕಾರ್ಕಳದ ಬಸ್ಸು ಹತ್ತಿದರೆ ಅಲ್ಲಿ ಬೆಟ್ಟದ ಮೇಲೆ 42 ಅಡಿಯ ಗೊಮ್ಮಟ. 1432ರಿಂದ ನಿಂತೇ ಇದ್ದಾನೆ. ತೂಕ ಸುಮಾರು 80 ಟನ್ ಎನ್ನುತ್ತಾರೆ. ದೊಡ್ಡಮ್ಮನ ಒಂದು ಮಂಡಿ ದಿನಕ್ಕೆ ಇಂಥ ಆರು ಗೊಮ್ಮಟರನ್ನು ಹೊರುತ್ತದೆ. ಮನೆಯಿಂದ ಆರೇಳುನೂರು ಮೀಟರ್ ನಡೆದರೆ ಒಬ್ಬ ಗೊಮ್ಮಟ ಮುಗಿದ. ಗೊಮ್ಮಟನ ಜಾಣತನ ನೋಡಿ: ಎರಡೂ ಕಾಲು ಸಮನಾಗಿ ಊರಿ, ಮಂಡಿ ನೆಟ್ಟಗಿಟ್ಟು, ಅಲುಗಾಡದೆ ನಿಂತ ಭಂಗಿ ಅವನದು. ಬರ್ಲಿನ್ನಿನವರ ಪಟ್ಟಿಯಲ್ಲಿ ಮಂಡಿಗೆ ಅತಿ ಕಡಿಮೆ ಖರ್ಚಿನ ಭಂಗಿ ಅದೇ. ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದು ಉಸಿರು ಬಿಡುತ್ತ ನಿಂತ ನಮ್ಮ ಕಾಲಿನ ಕತೆ ಬೇರೆ.

ಇಷ್ಟನ್ನೆಲ್ಲ ತಡೆಯುವುದು ಏನು? ಎಲುಬಿನ ತುದಿಗೆ ಮೆತ್ತಿದ ಮೃದ್ವಸ್ಥಿ. ದಪ್ಪ ಬಹುಪಾಲು ಕಡೆ 2ರಿಂದ 4 ಮಿಲಿಮೀಟರ್. ಒಂದು ನೀರ್ದೋಸೆಯ ಮೇಲೆ ಇನ್ನೊಂದಿಟ್ಟಷ್ಟು. ಅದರಲ್ಲೂ ಮೂರನೇ ಎರಡಕ್ಕಿಂತ ಹೆಚ್ಚು ಪಾಲು ನೀರು. ರಕ್ತನಾಳ ಇಲ್ಲ, ನರವೂ ಇಲ್ಲ. ನರ ಇಲ್ಲದ್ದರಿಂದಲೇ ಅದು ಸವೆಯಲು ಶುರುವಾದಾಗ ನಮಗೆ ಸುದ್ದಿ ಬರುವುದಿಲ್ಲ. ನೋವು ಹೊರಡುವುದು ಅಡಿಯ ಎಲುಬಿನಿಂದ, ಸುತ್ತಲಿನ ಪೊರೆಯಿಂದ. ಹೊತ್ತಿಗೆ ಸರಿಯಾಗಿ ಹೇಳುವ ನೆರೆಯವರಿಲ್ಲದ ಮನೆಯ ಹಾಗೆ.

ಅದರ ನುಣುಪು ಎಂಥದ್ದೆಂದರೆ, ಆರೋಗ್ಯವಂತ ಕೀಲಿನ ಘರ್ಷಣೆ ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತಲೂ ಕಡಿಮೆ ಇರಬಹುದು. ಮಂಜುಗಡ್ಡೆ ಕಾಣದ ಕರಾವಳಿಯವರು ಆಟಿ ತಿಂಗಳಲ್ಲಿ ಪಾಚಿ ಹಿಡಿದ ಅಂಗಳವನ್ನು ನೆನೆಸಿಕೊಂಡರೆ ಸಾಕು.

ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದ ಸಂಖ್ಯೆ ಇನ್ನೊಂದು. ಮೃದ್ವಸ್ಥಿಯ ನೇಯ್ಗೆ ಕೊಲ್ಯಾಜನ್ ಎಂಬ ನಾರಿನದು. ಚರ್ಮದಲ್ಲೂ ಅದೇ ನಾರು. ಹಳೆಯ ನಾರಿನಲ್ಲಿ ಅರ್ಧದಷ್ಟು ಹೋಗಿ ಹೊಸತು ಬರಲು ಎಷ್ಟು ಕಾಲ ಬೇಕು ಎಂದು 2000ರಲ್ಲಿ ಡಚ್ ವಿಜ್ಞಾನಿಗಳು ಲೆಕ್ಕ ಹಾಕಿದರು. ಚರ್ಮಕ್ಕೆ 15 ವರ್ಷ. ಮೃದ್ವಸ್ಥಿಗೆ 117 ವರ್ಷ. ಮನುಷ್ಯನ ಆಯುಸ್ಸಿಗಿಂತ ಹೆಚ್ಚು. ಅಂದರೆ ದೊಡ್ಡಮ್ಮ ಲಂಗ ಹಾಕಿಕೊಂಡು ಶಾಲೆಗೆ ಓಡುತ್ತಿದ್ದ ಕಾಲದಲ್ಲಿ ನೇಯ್ದ ಬಟ್ಟೆಯನ್ನೇ ಅವರ ಮಂಡಿ ಇವತ್ತಿಗೂ ಉಟ್ಟಿದೆ. ಅದಕ್ಕೆ ತೇಪೆ ಹಾಕುವ ದರ್ಜಿ ಇಲ್ಲ. ಮೃದ್ವಸ್ಥಿ ಒಮ್ಮೆ ಹಾಳಾದರೆ ತಿರುಗಿ ಕೂಡಿಕೊಳ್ಳದೆಂದು ವಿಲಿಯಂ ಹಂಟರ್ ಲಂಡನ್ನಿನಲ್ಲಿ ಬರೆದದ್ದು 1743ರಲ್ಲಿ. ಅಲ್ಲಿಂದ ಇಲ್ಲಿಗೆ ವೈದ್ಯಶಾಸ್ತ್ರ ಎಷ್ಟೋ ದೂರ ಬಂದಿದೆ. ಆ ಮಾತು ಮಾತ್ರ ಹೆಚ್ಚು ಅಲುಗಾಡಿಲ್ಲ.

ಹಾಗಾದರೆ "ಇಷ್ಟು ಬೇಗ ಯಾಕೆ ಸವೆಯಿತು" ಅಲ್ಲ, "ಇಷ್ಟು ವರ್ಷ ಹೇಗೆ ಬಂತು" ಎಂದೇ ಕೇಳಬೇಕು.

ಗ್ರೀಸಿನ ವಿಷಯವನ್ನೂ ಹೇಳಿಬಿಡುತ್ತೇನೆ, ಇದು ಎಲ್ಲರ ಬಾಯಲ್ಲೂ ಇದೆ. ಆರೋಗ್ಯವಾಗಿರುವ ಮಂಡಿಯಲ್ಲಿ ಇರುವ ದ್ರವ ಹೆಚ್ಚೆಂದರೆ 4 ಮಿಲಿಲೀಟರ್, ಒಂದು ಚಹಾ ಚಮಚವೂ ತುಂಬದು. ಇಷ್ಟರಲ್ಲೇ ವಾರಕ್ಕೊಂದು ರೇಕ್ ಸಾಗಬೇಕು. ಮಂಡಿ ಬಾತುಕೊಂಡಾಗ ಈ ದ್ರವ ಖಾಲಿಯಾಗಿರುವುದಿಲ್ಲ, ಬೇಡದಷ್ಟು ಊರಿರುತ್ತದೆ. ಮುಗಿಯುವುದು ಎಣ್ಣೆಯಲ್ಲ, ಚಕ್ರದ ಅಂಚು. ಇನ್ನು ಎದ್ದಾಗ ಬರುವ "ಟಕ್" ಸದ್ದು: ನೋವಿಲ್ಲದೆ, ಬಾವಿಲ್ಲದೆ ಬರುವ ಸದ್ದಿಗೆ ಹೆದರಬೇಕಾಗಿಲ್ಲ.

ನಡೆಯಬೇಕೋ ಬೇಡವೋ? ರಕ್ತನಾಳ ಇಲ್ಲದ ಮೃದ್ವಸ್ಥಿಗೆ ಊಟ ತಲುಪುವುದು ಹೇಗೆ ಎಂದು ಕೇಳಿದರೆ ಇದಕ್ಕೂ ಉತ್ತರ ಸಿಗುತ್ತದೆ. ಒತ್ತಿದಾಗ ನೀರು ಹೊರಗೆ, ಬಿಟ್ಟಾಗ ಒಳಗೆ. ಪೋಷಕಾಂಶ ಹೋಗುವುದು ಆ ನೀರಿನ ಜೊತೆಯಲ್ಲೇ. ಹೊರೆ ಬಿದ್ದರೆ ಮಾತ್ರ ಊಟ ಸಿಗುವ ಕೂಲಿಯಾಳು ಅದು. ಪೂರ್ತಿ ಕೂರಿಸಿಟ್ಟರೆ ಉಪವಾಸ. ಜೊತೆಗೆ ತೊಡೆಯ ಸ್ನಾಯು ಸೊರಗಿ, ಇದ್ದ ಹೊರೆಯೂ ಎಲುಬಿಗೇ ತಾಗುತ್ತದೆ. ಆದ್ದರಿಂದ ನಡಿಗೆ ಬೇಕು, ತೊಡೆಗೆ ವ್ಯಾಯಾಮ ಬೇಕು. ಇಳಿಜಾರು, ಮೆಟ್ಟಿಲು, ಕುಕ್ಕರಗಾಲು ಮಾತ್ರ ಅಳತೆಯಲ್ಲಿರಲಿ. ಮಂಡಿ ಸವೆದವರ ತೂಕದ ಬಗ್ಗೆ ಅಮೆರಿಕದ ಉತ್ತರ ಕೆರೊಲಿನಾದಲ್ಲಿ 142 ಮಂದಿಯ ಮೇಲೆ ನಡೆದ ಅಧ್ಯಯನ 2005ರಲ್ಲಿ ಹೊರಬಂತು: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಇಳಿಕೆ. ನಮ್ಮ ಅಟ್ಟೆಯ ಲೆಕ್ಕಕ್ಕೆ ಹಾಕಿ ನೋಡಿ. ಐದು ಕಿಲೋ ಇಳಿಸಿದರೆ ದಿನಕ್ಕೆ 64 ಟನ್ ಉಳಿತಾಯ. ರೇಕಿನಿಂದ ದಿನಕ್ಕೊಂದು ವ್ಯಾಗನ್ ಕಳಚಿದ ಹಾಗೆ.

ಸವೆತ ಮುದುಕರ ಸಮಾಚಾರ. ಹರಿದುಕೊಳ್ಳುವುದು ಹುಡುಗರದ್ದು. ಈ ಸೀಮೆಯಲ್ಲಿ ಕಬಡ್ಡಿ, ವಾಲಿಬಾಲ್ ಇಲ್ಲದ ಊರಿಲ್ಲ. 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಕಬಡ್ಡಿ ಆಟಗಾರ್ತಿ ಮಮತಾ ಪೂಜಾರಿ ಕಾರ್ಕಳ ತಾಲೂಕಿನ ಹೆರ್ಮುಂಡೆಯವರು. ಯಕ್ಷಗಾನದ ಕುಣಿತವಂತೂ ಮಂಡಿಯನ್ನೇ ನಂಬಿದ್ದು: ನಮ್ಮ ತೆಂಕಿನವರು ಗಾಳಿಯಲ್ಲಿ ಸುತ್ತಿ ದಿಗಿಣ ಹಾರಿದರೆ, ಬಡಗಿನವರು ನೆಲಕ್ಕೆ ಮಂಡಿ ಊರಿ ಗಿರಗಿರನೆ ತಿರುಗುತ್ತಾರೆ, ಆ ಕುಣಿತದ ಹೆಸರೇ "ಮಂಡಿ". ಇಂಥ ತಿರುವಿನಲ್ಲಿ ಕಾಲು ನೆಲಕ್ಕೆ ಕಚ್ಚಿ ದೇಹ ಮಾತ್ರ ತಿರುಗಿದರೆ ಮಂಡಿಯ ನಟ್ಟನಡುವಿನ ಮುಂಭಾಗದ ಲಿಗಮೆಂಟ್ ಹರಿಯುತ್ತದೆ. ಆಟಗಾರರ ಭಾಷೆಯಲ್ಲಿ ಎಸಿಎಲ್. ಉದ್ದ ಮೂರು ಸೆಂಟಿಮೀಟರ್ ಚಿಲ್ಲರೆ, ಅಗಲ ಒಂದು ಸೆಂಟಿಮೀಟರ್. ಕಿರುಬೆರಳಿನ ಮುಂದೆ ಹಿಡಿದರೂ ಚಿಕ್ಕದೇ. ಯೌವನದಲ್ಲಿ ಅದನ್ನು ಹರಿಯಲು 2,160 ನ್ಯೂಟನ್, ಅಂದರೆ 220 ಕಿಲೋ ತೂಗುಬಿಟ್ಟಷ್ಟು ಸೆಳೆತ ಬೇಕು ಎಂದು 1991ರಲ್ಲಿ ಅಳೆದವರಿದ್ದಾರೆ. ಅರವತ್ತು ದಾಟಿದವರ ಲಿಗಮೆಂಟಿಗೆ ಆ ಬಲದ ಮೂರನೇ ಒಂದು ಪಾಲೂ ಬೇಕಾಗಲಿಲ್ಲ.

ಅದು ಹರಿಯಲು ಹಿಡಿಯುವ ಹೊತ್ತು? ಆಟದ ವೀಡಿಯೋಗಳನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸಿ ನೋಡಿದ ಸಂಶೋಧಕರ ಪ್ರಕಾರ ಕಾಲು ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡಿನಲ್ಲಿ. ರೆಪ್ಪೆ ಬಡಿಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಬಹಳ ಸಲ ಎದುರಾಳಿ ಮುಟ್ಟಿಯೂ ಇರುವುದಿಲ್ಲ. "ಯಾರು ದೂಡಿದ್ದು" ಎಂದು ಅಂಗಣದ ಬದಿಯಲ್ಲಿ ಜಗಳ ಶುರುವಾಗುವುದು ಆಮೇಲೆ.

ಲಿಗಮೆಂಟಿನ ಪಕ್ಕದಲ್ಲೇ ಮೆನಿಸ್ಕಸ್ ಎಂಬ ಎರಡು ಅರ್ಧಚಂದ್ರದ ಗಾದಿಗಳಿವೆ. ಒಂದು ಕಾಲದಲ್ಲಿ ಅವು ಹರಿದರೆ ಪೂರ್ತಿ ತೆಗೆದು ಬಿಸಾಡುತ್ತಿದ್ದರು, ಬೇಡದ ಅಂಗವೆಂದು. ಹಾಗೆ ತೆಗೆದ ಮಂಡಿಗಳ ಎಕ್ಸ್‌ರೇಯಲ್ಲಿ ಮುಂದೆ ಸವೆತದ ಗುರುತು ಬರುವುದನ್ನು ಫೇರ್‌ಬ್ಯಾಂಕ್ ಎಂಬ ಬ್ರಿಟಿಷ್ ವೈದ್ಯ 1948ರಲ್ಲಿ ತೋರಿಸಿದ. ನೇರ ಕಾಲಿನಲ್ಲಿ ಹೊರೆಯ ಅರ್ಧದಷ್ಟು ಆ ಗಾದಿಗಳದ್ದೇ ಪಾಲು. ಈಗ ಸಾಧ್ಯವಾದಷ್ಟೂ ಹೊಲಿಯುತ್ತಾರೆ, ಉಳಿಸುತ್ತಾರೆ.

ಸೊಂಟಕ್ಕೆ ಬರೋಣ. ಇಲ್ಲಿ ಭಾಷೆಯೇ ಒಂದು ತೊಡಕು. ನಾವು ಸೊಂಟನೋವು ಎನ್ನುವುದು ಬೆನ್ನಿನ ಕೆಳಭಾಗದ ನೋವಿಗೆ. ತೊಡೆಯೆಲುಬಿನ ಗುಂಡು ಬಟ್ಟಲಿನಲ್ಲಿ ಕೂರುವ ಕೀಲು ಇರುವುದು ಅಲ್ಲಲ್ಲ. ಅದರ ನೋವು ಕಾಣಿಸಿಕೊಳ್ಳುವುದು ತೊಡೆಸಂದಿಯಲ್ಲಿ, ತೊಡೆಯಲ್ಲಿ, ಕೆಲವು ಸಲ ಮಂಡಿಯಲ್ಲಿ. ಮಂಡಿನೋವೆಂದು ಕುಂಟುತ್ತ ಬಂದ ಮಗುವಿನ ಮಂಡಿಯ ಎಕ್ಸ್‌ರೇ ಸರಿಯಾಗಿದ್ದರೆ ಅನುಭವಿ ವೈದ್ಯರು ಮೇಲಿನ ಕೀಲನ್ನು ನೋಡುತ್ತಾರೆ.

ಈ ಮಾತು ನಮ್ಮ ಕರಾವಳಿಗೆ ಬೇರೆ ಊರಿಗಿಂತ ಹೆಚ್ಚು ಅನ್ವಯಿಸುತ್ತದೆ. ಪರ್ಥೆಸ್ ಎಂಬ ಕಾಯಿಲೆ ಮಕ್ಕಳಿಗೆ ಬರುತ್ತದೆ: ತೊಡೆಯೆಲುಬಿನ ಗುಂಡಿಗೆ ರಕ್ತ ಹೋಗುವುದು ನಿಂತು, ಎಲುಬು ಸತ್ತು, ಮೆತ್ತಗಾಗಿ, ಮತ್ತೆ ಹೊಸ ಎಲುಬು ಬೆಳೆಯುತ್ತದೆ. ಇಡೀ ನಾಟಕಕ್ಕೆ ಎರಡರಿಂದ ನಾಲ್ಕು ವರ್ಷ. ಡಾ. ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದಲ್ಲಿ ಕಟ್ಟಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಕ್ಷಿಣ ಭಾರತದ ಬೇರೆ ಕಡೆಗಿಂತ ಪಶ್ಚಿಮ ಕರಾವಳಿಯ ಬಯಲಿನಲ್ಲಿ ಈ ಕಾಯಿಲೆ ಎದ್ದು ಕಾಣುವಷ್ಟು ಹೆಚ್ಚೆಂದು ತಿಳಿಯಿತು. ಅದೇ ತಂಡ 2003ರಲ್ಲಿ 610 ಮಕ್ಕಳ 2,634 ಜೋಡಿ ಎಕ್ಸ್‌ರೇಗಳನ್ನು ಸಾಲಾಗಿ ಇಟ್ಟು, ಗುಂಡು ಯಾವ ಹಂತದಲ್ಲಿ ಮೆತ್ತಗಾಗಿ ಯಾವ ಹಂತದಲ್ಲಿ ಆಕಾರ ಕೆಡುತ್ತದೆ ಎಂದು ಬಿಡಿಸಿ ತೋರಿಸಿತು. ಅಷ್ಟು ಮಕ್ಕಳನ್ನು ಅಷ್ಟು ವರ್ಷ ಬಿಡದೆ ಮತ್ತೆ ಮತ್ತೆ ಕರೆಸಿ ನೋಡಿದ ತಾಳ್ಮೆಯೇ ದೊಡ್ಡ ಸಂಖ್ಯೆ ಎನ್ನಿಸುತ್ತದೆ ನನಗೆ. ಚಿಕಿತ್ಸೆಯ ತತ್ವ ನಮ್ಮ ಅಡುಗೆಮನೆಯಲ್ಲೇ ಇದೆ. ಕೊಟ್ಟೆ ಕಡುಬಿನ ಹಿಟ್ಟು ಹಲಸಿನೆಲೆಯ ಕೊಟ್ಟೆಯೊಳಗೆ ಬೆಂದರೆ ಕೊಟ್ಟೆಯ ಆಕಾರ ಬರುತ್ತದೆ. ಮೆತ್ತಗಿರುವ ಹೊತ್ತಿನಲ್ಲಿ ಗುಂಡನ್ನು ಬಟ್ಟಲಿನೊಳಗೇ ಕೂರಿಸಿದರೆ ಗುಂಡಾಗಿಯೇ ಗಟ್ಟಿಯಾಗುತ್ತದೆ. ಹೊರಗೆ ಜಾರಿದ್ದು ಚಪ್ಪಟೆಯಾಗಿ, ಮೂವತ್ತು ನಲವತ್ತು ವರ್ಷದ ಮೇಲೆ ಕೀಲು ಬದಲಿಸುವ ಸಾಲಿಗೆ ಬರುತ್ತದೆ.

ಘಟ್ಟದ ಮೇಲೆ ಸಾಗರ ತಾಲೂಕಿನ ಹಂದಿಗೋಡಿನ ಕತೆ ಇನ್ನೂ ಕಠಿಣ. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿಯ ಕೀಲುಗಳು ಎಳೆಯ ವಯಸ್ಸಿನಲ್ಲೇ ಹಾಳಾಗುವುದು ಹೊರಜಗತ್ತಿನ ಕಣ್ಣಿಗೆ ಬಿತ್ತು. ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದದ್ದು ಕಾರಣ ಎಂದು ಮೊದಲು ಶಂಕಿಸಿದರು. ಆಮೇಲಿನ ಅಧ್ಯಯನಗಳು ವಂಶವಾಹಿ ದೋಷದ ಕಡೆಗೆ ಬೆರಳು ಮಾಡಿದವು. ಒಂದು ಊರಿನ ಹೆಸರು ಕಾಯಿಲೆಯ ಹೆಸರಾಗಿ ಪುಸ್ತಕ ಸೇರಿತು.

ಸೊಂಟದ ಕೀಲಿಗೆ ಬೀಳುವ ಭಾರ ಅಳೆದವರೂ ಬರ್ಲಿನ್ನಿನವರೇ. 1993ರ ವರದಿಯಲ್ಲಿ ಒಂದು ಆಕಸ್ಮಿಕ ಇದೆ. ಅಳೆಯುವ ಸಾಧನ ಒಳಗಿಟ್ಟುಕೊಂಡಿದ್ದ ರೋಗಿಯೊಬ್ಬರು ನಡೆಯುತ್ತ ಎಡವಿದರು. ಸಾಧನ ಬರೆದುಕೊಂಡ ಭಾರ ದೇಹದ ತೂಕದ 8.7 ಪಟ್ಟು. ನಮ್ಮ 60 ಕಿಲೋದವರಿಗೆ ಅದು 522 ಕಿಲೋ. ಬಿದ್ದದ್ದಲ್ಲ, ಬೀಳದಂತೆ ಸಾವರಿಸಿಕೊಂಡದ್ದರ ಖರ್ಚು ಇದು. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಉಡುಪಿ ಸೀಮೆಯಲ್ಲಿ ಅಂಗಳಕ್ಕೆ ಮಡಲು ಹಾಸುವ ಹಳೆಯ ಪದ್ಧತಿಗೆ ನಾನು ಈ ಒಂದೇ ಸಂಖ್ಯೆಯಿಂದ ತಲೆಬಾಗುತ್ತೇನೆ. ಹಿರಿಯರ ಸೊಂಟದ ಎಲುಬು ಮುರಿದರೆ ಎರಡು ದಿನದೊಳಗೆ ಶಸ್ತ್ರಚಿಕಿತ್ಸೆ ಆಗಬೇಕೆನ್ನುತ್ತಾರೆ. ಹಲವು ದೇಶಗಳ ಲೆಕ್ಕದಲ್ಲಿ ಹಾಗೆ ಮುರಿದುಕೊಂಡ ಐವರಲ್ಲಿ ಒಬ್ಬರಾದರೂ ವರ್ಷ ದಾಟುವುದಿಲ್ಲ. ಬಚ್ಚಲುಮನೆಗೆ ಹಿಡಿಕೆ ಹಾಕಿಸಲು ಯಾರೂ ಯೋಜನಾ ವರದಿ ಬರೆಯಬೇಕಾಗಿಲ್ಲ.

"ಬದಲಿಸುವುದು ಅಂದರೆ ಕಾಲನ್ನೇ ಕೊಯ್ದು ಬೇರೆ ಇಡ್ತಾರಾ?" ಎಂದು ದೊಡ್ಡಮ್ಮ ಕೇಳಿದ್ದರು. ಇಲ್ಲ. ಸವೆದ ತುದಿಯಿಂದ ಒಂದು ಸೆಂಟಿಮೀಟರಿನಷ್ಟು ಎಲುಬು ಕೆತ್ತಿ, ಅಲ್ಲಿಗೆ ಲೋಹದ ಟೊಪ್ಪಿ, ಕೆಳಗಿನ ಎಲುಬಿಗೆ ಲೋಹದ ತಟ್ಟೆ, ನಡುವೆ ಪ್ಲಾಸ್ಟಿಕ್ಕಿನ ಗಾದಿ. ಎಲ್ಲ ಸೇರಿ ಅರ್ಧ ಕಿಲೋ ಆಸುಪಾಸು. ಮಾಡು ಸೋರಿದರೆ ಹಂಚು ಬದಲಿಸಿದ ಹಾಗೆ, ಮನೆ ಅದೇ.

ಆದರೆ ಆ ಹಂಚು ಸಿಗಲು ಎಷ್ಟು ಕಾಲ ಬೇಕಾಯಿತು ನೋಡಿ. 1890ರಲ್ಲಿ ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲುಕ್ ಕ್ಷಯದಿಂದ ಹಾಳಾದ ಮಂಡಿಗೆ ಆನೆದಂತದ ಕೀಲು ಕೂರಿಸಿದ. ಸೋಂಕು ಅದನ್ನು ಉಳಿಯಗೊಡಲಿಲ್ಲ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ ಸೊಂಟದ ಬಟ್ಟಲಿಗೆ ಟೆಫ್ಲಾನ್ ಹಾಕಿದ, ಈಗ ನಾವು ದೋಸೆ ಕಾವಲಿಗೆ ಬಳಿಯುವ ಅದೇ ವಸ್ತು. ಜಾರಿತು, ಚೆನ್ನಾಗಿಯೇ ಜಾರಿತು. ಎರಡು ಮೂರು ವರ್ಷಕ್ಕೆ ಸವೆದು ಪುಡಿಯಾಗಿ ಸುಮಾರು 300 ರೋಗಿಗಳ ಕೀಲು ಕೆಟ್ಟಿತು. ಟೆಫ್ಲಾನ್ ಮೈಗೆ ಆಗುತ್ತದೋ ಇಲ್ಲವೋ ಎಂದು ಚಾರ್ನ್ಲಿ ಅದನ್ನು ತನ್ನ ತೊಡೆಯೊಳಗೇ ಇಟ್ಟು ನೋಡಿದ, ಉರಿಯೂತ ಬಂತು. 1962ರಲ್ಲಿ ಒಬ್ಬ ಮಾರಾಟಗಾರ ಬೇರೊಂದು ಪ್ಲಾಸ್ಟಿಕ್ ತಂದ. ಲ್ಯಾಂಕಷೈರಿನ ಮಗ್ಗಗಳ ಹಲ್ಲುಚಕ್ರಕ್ಕೆ ಬಳಸುತ್ತಿದ್ದ ಪಾಲಿಎಥಿಲೀನ್ ಅದು. ಚಾರ್ನ್ಲಿಗೆ ನಂಬಿಕೆ ಬರಲಿಲ್ಲ. ಅವನ ಯಂತ್ರಗಾರ ಹ್ಯಾರಿ ಕ್ರೇವನ್ ಮಾತ್ರ ಸುಮ್ಮನೆ ಯಂತ್ರಕ್ಕೆ ಹಾಕಿಟ್ಟ. ಮೂರು ವಾರ ಹಗಲೂ ರಾತ್ರಿ ಓಡಿದರೂ ಅದು ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟೂ ಸವೆದಿರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಅದೇ ಪ್ಲಾಸ್ಟಿಕ್ ರೋಗಿಯ ಸೊಂಟ ಸೇರಿತು, ಅದರ ಸುಧಾರಿಸಿದ ರೂಪವೇ ಇಂದಿಗೂ ಮಂಡಿ ಸೊಂಟಗಳಲ್ಲಿದೆ. ಚಾರ್ನ್ಲಿಯ ಲೋಹದ ಗುಂಡಿನ ಅಡ್ಡಳತೆ 22 ಮಿಲಿಮೀಟರ್ ಚಿಲ್ಲರೆ: ನಮ್ಮ ಒಂದು ರೂಪಾಯಿ ನಾಣ್ಯದಷ್ಟು. ಇಡೀ ಮನುಷ್ಯ ಅದರ ಮೇಲೆ ನಿಲ್ಲಬೇಕು.

ಆ ಪ್ಲಾಸ್ಟಿಕ್ಕೂ ಸವೆಯುತ್ತದೆ. ಹಳೆಯ ಬಗೆಯದು ಸೊಂಟದಲ್ಲಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ಸವೆಯುತ್ತಿತ್ತು. ಏನು ಮಹಾ ಎನ್ನಿಸುತ್ತದೆ. ಆದರೆ ಕಣ್ಣಿಗೆ ಕಾಣದ ಕಣಗಳ ಲೆಕ್ಕದಲ್ಲಿ ಅದು ಒಂದೊಂದು ಹೆಜ್ಜೆಗೆ ಕೆಲವು ಲಕ್ಷ ಕಣ. ದೇಹದ ಕಾವಲುಕೋಶಗಳು ಆ ಕಣಗಳನ್ನು ನುಂಗಲು ಹೋಗಿ ಸುತ್ತಲಿನ ಎಲುಬನ್ನೇ ಕರಗಿಸುತ್ತಿದ್ದವು. 1990ರ ದಶಕದ ಕೊನೆಯಿಂದ ವಿಕಿರಣ ಹಾಯಿಸಿ ಗಟ್ಟಿ ಮಾಡಿದ ಪ್ಲಾಸ್ಟಿಕ್ ಬಂದ ಮೇಲೆ ಈ ಸವೆತ ಬಹಳ ಇಳಿದಿದೆ.

ಎಷ್ಟು ವರ್ಷ ಬಾಳಿಕೆ? ಕೃತಕ ಕೀಲನ್ನು ಪ್ರಯೋಗಾಲಯದ ಯಂತ್ರದಲ್ಲಿ 50 ಲಕ್ಷ ಹೆಜ್ಜೆ ನಡೆಸಿ ಪರೀಕ್ಷಿಸುವುದು ಅಂತಾರಾಷ್ಟ್ರೀಯ ಮಾನದಂಡ. ಸೆಕೆಂಡಿಗೊಂದರಂತೆ ನಿಲ್ಲದೆ ನಡೆದರೆ 58 ದಿನದ ಕೆಲಸ. ದೊಡ್ಡಮ್ಮನ ಒಂದು ಕಾಲು ಅಷ್ಟನ್ನು ನಡೆಯುವುದು ನಾಲ್ಕು ವರ್ಷ ಮೂರು ತಿಂಗಳಲ್ಲಿ. ಅವರ ಸ್ವಂತ ಮಂಡಿ ಈ ಪರೀಕ್ಷೆಯನ್ನು ಐವತ್ತು ವರ್ಷದಲ್ಲಿ ಹನ್ನೊಂದು ಸಲ ಮುಗಿಸಿದೆ. ಹಲವು ದೇಶಗಳ ದಾಖಲೆ ಕೂಡಿಸಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಲೆಕ್ಕದ ಪ್ರಕಾರ ಪೂರ್ತಿ ಬದಲಿಸಿದ ಮಂಡಿಗಳಲ್ಲಿ 100ಕ್ಕೆ 82, ಸೊಂಟದ ಕೀಲುಗಳಲ್ಲಿ 100ಕ್ಕೆ 58, ಇಪ್ಪತ್ತೈದು ವರ್ಷ ಉಳಿಯುತ್ತವೆ. ಒಳ್ಳೆಯ ಸುದ್ದಿ. ಅದರ ಪಕ್ಕದಲ್ಲೇ ಇಡಬೇಕಾದ ಇನ್ನೊಂದು: ಮಂಡಿ ಬದಲಿಸಿಕೊಂಡ ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಅಂದುಕೊಂಡಷ್ಟು ಸಮಾಧಾನ ಸಿಗುವುದಿಲ್ಲ. ನೂರರಲ್ಲಿ ಒಬ್ಬರಿಗೆ ಸೋಂಕಿನ ಕಾಟ. ಎಕ್ಸ್‌ರೇ ಕೆಟ್ಟಿದೆ ಎಂಬ ಒಂದೇ ಕಾರಣಕ್ಕೆ ಆಪರೇಶನ್ ಅಲ್ಲ. ರಾತ್ರಿ ನಿದ್ದೆ ಕೆಡಿಸುವ, ಮನೆಯೊಳಗೇ ಕಟ್ಟಿಹಾಕುವ ನೋವು, ಮದ್ದು ವ್ಯಾಯಾಮಕ್ಕೆ ಬಗ್ಗದಿದ್ದಾಗ ಎಂದು ಒಳ್ಳೆಯ ಮೂಳೆತಜ್ಞರು ಹೇಳುವುದು ಅದಕ್ಕೇ.

ನೆಲದಲ್ಲಿ ಕೂರಬಹುದೆ? ನಮ್ಮವರ ನಿಜವಾದ ಪ್ರಶ್ನೆ ಇದು. ನಡೆಯಲು ಮಂಡಿ 60-70 ಡಿಗ್ರಿ ಮಡಿಸಿದರೆ ಸಾಕು. ಕುರ್ಚಿಯಿಂದ ಏಳಲು ಸುಮಾರು 100. ಕುಕ್ಕರಗಾಲಿಗೆ 130 ದಾಟಬೇಕು. ಬದಲಿಸಿದ ಮಂಡಿ ಸಾಮಾನ್ಯವಾಗಿ ಬಾಗುವುದು 110-120. ತಡ್ಪೆ ತೊಡೆಯ ಮೇಲಿಟ್ಟು ದಿನಕ್ಕೆ ಸಾವಿರ ಬೀಡಿ ಕಟ್ಟಿದ, ಬಗ್ಗಿ ನೇಜಿ ನೆಟ್ಟ, ನೆಲದಲ್ಲೇ ಉಂಡ ಒಂದು ತಲೆಮಾರಿಗೆ ಕೊನೆಯ ಹತ್ತಿಪ್ಪತ್ತು ಡಿಗ್ರಿಯಲ್ಲೇ ಬದುಕಿನ ಅರ್ಧ ಇತ್ತು. ಈಗ ಊಟದ ಚಪ್ಪರದಲ್ಲಿ ನೆಲದ ಪಂಕ್ತಿಗಿಂತ ಮೇಜಿನ ಸಾಲು ಉದ್ದ. ಮಡಿವಂತರ ಗೊಣಗಾಟವನ್ನು ಮಂಡಿಗಳೇ ಗೆದ್ದವು.

ಅಟಲ್ ಬಿಹಾರಿ ವಾಜಪೇಯಿ ಪ್ರಧಾನಿಯಾಗಿದ್ದಾಗಲೇ 2000ರ ಅಕ್ಟೋಬರಿನಲ್ಲಿ ಎಡ ಮಂಡಿಯನ್ನೂ 2001ರ ಜೂನಿನಲ್ಲಿ ಬಲ ಮಂಡಿಯನ್ನೂ ಮುಂಬೈಯಲ್ಲಿ ಬದಲಿಸಿಕೊಂಡಾಗ ಮಂಡಿ ಬದಲಿಸುವ ಮಾತು ಹಳ್ಳಿಯ ಜಗಲಿಗೂ ಬಂತು. ಬೆಲೆಗೆ ಕಡಿವಾಣ ಬಿದ್ದದ್ದು 2017ರ ಆಗಸ್ಟಿನಲ್ಲಿ. ಬೆಂಗಳೂರಿನವರಾದ ಕೇಂದ್ರ ಸಚಿವ ಅನಂತಕುಮಾರ್ ಘೋಷಿಸಿದ ಪ್ರಕಾರ, ಒಂದೂವರೆ ಲಕ್ಷ ರೂಪಾಯಿ ಮೀರಿದ್ದ ಕೋಬಾಲ್ಟ್-ಕ್ರೋಮಿಯಂ ಮಂಡಿಯ ಬೆಲೆ 54,720 ರೂಪಾಯಿಗೆ ಇಳಿಯಿತು. ಜನರಿಗೆ ವರ್ಷಕ್ಕೆ 1,500 ಕೋಟಿ ಉಳಿತಾಯವೆಂಬ ಅಂದಾಜು. ಇದು ಲೋಹದ ಬೆಲೆ ಮಾತ್ರ, ಆಸ್ಪತ್ರೆಯ ಬಿಲ್ಲು ಬೇರೆ. ಆಗ ದೇಶದಲ್ಲಿ ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ ಮಂಡಿ ಬದಲಾಗುತ್ತಿದ್ದವು. ಕೀಲುಸವೆತ ಇರುವ ಭಾರತೀಯರು ಎಷ್ಟು? 2019ರ ಅಂದಾಜಿನಲ್ಲಿ 6 ಕೋಟಿ 23 ಲಕ್ಷ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಬೀದರಿನಿಂದ ಚಾಮರಾಜನಗರದವರೆಗೆ, ತೊಟ್ಟಿಲ ಕೂಸಿನಿಂದ ಹಿಡಿದು ಪ್ರತಿಯೊಬ್ಬರೂ ಕಂಬ ಹಿಡಿದು ಏಳುತ್ತಿದ್ದಾರೆ ಎಂದುಕೊಳ್ಳಿ. ಅಷ್ಟು ಮಂದಿ.

ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಮತ್ತೆ ನಂದಿಕೂರಿಗೆ ಹೋದೆ. ದೊಡ್ಡಮ್ಮ ಕನ್ನಡಕ ಹಾಕಿ, ಬೆರಳಿಟ್ಟು, ಸಾಲು ಸಾಲಾಗಿ ಓದಿದರು. ಅಟ್ಟೆ ಮಲ್ಲಿಗೆಯ ಲೆಕ್ಕ ಒಪ್ಪಿದರು. ಗೊಮ್ಮಟನ ಹತ್ತಿರ ಸಣ್ಣಗೆ ನಕ್ಕರು. ರೇಕಿನ ಸಾಲಿಗೆ ಬಂದು ನಿಂತರು.

"ವಾರಕ್ಕೊಂದು?"

"ಹೌದು ದೊಡ್ಡಮ್ಮ. ಒಂದು ಮಂಡಿಗೆ. ಐವತ್ತು ವರ್ಷಕ್ಕೆ 2,600 ರೇಕ್."

ಜಗಲಿ ನಡುಗತೊಡಗಿತು. ಅವರು ಕಂಬ ಹಿಡಿದರು, ಒಮ್ಮೆ ಎದ್ದು ಕೂತರು, ಎರಡನೆಯ ಸಲ ನಿಂತರು. ರೈಲು ಕಾಣುವ ಕಡೆ ಮುಖ ಮಾಡಿ, "ಅಷ್ಟಕ್ಕೆ ರೈಲಿನವರು ಎಷ್ಟು ಬಾಡಿಗೆ ತಕ್ಕೊಳ್ತಾರೆ, ಅದನ್ನೂ ಒಂದು ಲೆಕ್ಕ ಹಾಕಿಡು ಮಗಾ," ಎಂದರು. ಆಮೇಲೆ ಎಣಿಸಲು ಶುರು ಮಾಡಿದರು.